ಫ್ಲಶ್ ಟ್ಯಾಂಕಿನಲ್ಲಿ ಇಟ್ಟಿಗೆ ಇಟ್ಟರೆ ಅರ್ಧ ನೀರು ಉಳಿಯುತ್ತಾ?

ಬೇಸಿಗೆ ಬಂತೆಂದರೆ ಈ ಮೆಸೇಜೂ ಬರುತ್ತದೆ: ಪಂಚಾಯ್ತಿ ಕಚೇರಿ, ಬಸ್ ನಿಲ್ದಾಣ, ಶಾಲೆಗಳ ಫ್ಲಶ್ ಟ್ಯಾಂಕಿಗೆ ಒಂದೊಂದು ಇಟ್ಟಿಗೆ ಹಾಕಿ, ಅರ್ಧ ನೀರು ಉಳಿಸಿ. ಕಳಿಸುವವರ ಕಾಳಜಿ ನಿಜವೇ. ಲೆಕ್ಕ ಮಾತ್ರ ತಪ್ಪು.

ಟೇಪು ಹಿಡಿದು ಅಳೆದು ನೋಡಿ. 19 ಸೆಂ.ಮೀ. ಉದ್ದ, 9 ಅಗಲ, 9 ಎತ್ತರದ ಇಟ್ಟಿಗೆ ಸುಮಾರು ಒಂದೂವರೆ ಲೀಟರ್ ಜಾಗ ಹಿಡಿಯುತ್ತದೆ, ಅಷ್ಟೇ. ಹತ್ತು ಲೀಟರಿನ ಟ್ಯಾಂಕಿನಲ್ಲಿ ಅದು ಅರ್ಧ ಹೇಗಾದೀತು? ಮೇಲಾಗಿ ಮಣ್ಣಿನ ಇಟ್ಟಿಗೆ ನೀರಲ್ಲಿ ನೆನೆದು ಪುಡಿ ಉದುರಿಸುತ್ತದೆ. ಆ ಪುಡಿ ತಳದ ರಬ್ಬರ್ ಮುಚ್ಚಳದ ಕೆಳಗೆ ಕೂತರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಹಗಲು ರಾತ್ರಿ ನೀರು ಸೋರುತ್ತದೆ. ಹಾಕಲೇಬೇಕೆಂದರೆ ನೀರು ತುಂಬಿದ ಒಂದು ಲೀಟರ್ ಬಾಟಲಿ ಸಾಕು. ಆದರೂ ಎರಡೆರಡು ಸಲ ಫ್ಲಶ್ ಮಾಡಬೇಕಾಗಿ ಬಂದರೆ ಅದನ್ನೂ ತೆಗೆಯಿರಿ.

ನನ್ನ ಪ್ರಕಾರ ಸಾರ್ವಜನಿಕ ಕಟ್ಟಡಗಳಲ್ಲಿ ಮೊದಲು ಹುಡುಕಬೇಕಾದ್ದು ಸೋರಿಕೆ. ಟ್ಯಾಂಕಿಗೆ ಅಡುಗೆಯ ಕೆಂಪು ಬಣ್ಣ ನಾಲ್ಕು ಹನಿ ಬಿಡಿ. ಕಾಲು ಗಂಟೆ ಯಾರೂ ಫ್ಲಶ್ ಮಾಡದಿದ್ದರೂ ಕಮೋಡಿನಲ್ಲಿ ಕೆಂಪು ಕಂಡರೆ ಸೋರುತ್ತಿದೆ ಅಂತಲೇ ಅರ್ಥ. ಇಡೀ ಕಟ್ಟಡಕ್ಕಾದರೆ, ಸಂಜೆ ಬೀಗ ಹಾಕುವಾಗ ನೀರಿನ ಮೀಟರಿನ ಫೋಟೋ ತೆಗೆದಿಡಿ, ಬೆಳಿಗ್ಗೆ ಇನ್ನೊಂದು. ರಾತ್ರಿ ಯಾರೂ ಇರಲಿಲ್ಲ, ಛಾವಣಿಯ ಟ್ಯಾಂಕೂ ಸಂಜೆಯೇ ತುಂಬಿತ್ತು, ಆದರೂ ಅಂಕಿ ಓಡಿದೆಯಾ? ಹಾಗಾದರೆ ಕರೆಯಬೇಕಾದ್ದು ಪ್ಲಂಬರನ್ನು ಅಲ್ವಾ?