ಕಣ್ಣು ಕೆಂಪಾದ್ರೆ ಡ್ರಾಪ್ಸಾ, ಕಾಯೋದಾ?

ಹೋದ ತಿಂಗಳು ಒಂದು ಬೆಳಗ್ಗೆ ಮಗಳ ಎಡಗಣ್ಣು ಅಂಟಿಕೊಂಡಿತ್ತು. ರೆಪ್ಪೆ ತುಂಬ ಹಳದಿ ಗೀಜು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದು ಸಲ ಒರೆಸಿ, ಆ ಹತ್ತಿ ಎಸೆದು ಇನ್ನೊಂದು ತಗೊಂಡು, ಹೀಗೆ ಆರೇಳು ಸಲ ಮಾಡಿದ ಮೇಲೆ ಕಣ್ಣು ಬಿಟ್ಟಳು. ಒಳಗೆಲ್ಲ ಕೆಂಪು. ನಾಲ್ಕು ವರ್ಷದ ಮಗು. ಆಟ ಮಾತ್ರ ಕಮ್ಮಿ ಆಗಿರಲಿಲ್ಲ.

ನಾವಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ಇಷ್ಟಕ್ಕೆಲ್ಲ ಡಾಕ್ಟರು ಸಿಗೋದಿಲ್ಲ, ಮೊದಲು ಫಾರ್ಮಸಿಗೆ ಹೋಗಿ ಅಂತಾರೆ. ಹೋದೆ. ಅಲ್ಲಿದ್ದ ಫಾರ್ಮಸಿಸ್ಟ್ ಹೆಂಗಸು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ನೋವಿದೆ ಅಂತಾಳಾ? ಬೆಳಕು ನೋಡಿದರೆ ಕಣ್ಣು ಮುಚ್ಚಿಕೊಳ್ತಾಳಾ? ಕಣ್ಣಿಗೆ ಏನಾದರೂ ತಾಗಿತ್ತಾ? ನೋಟ ಮಂಜಾಗಿದೆಯಾ? ಎಲ್ಲದಕ್ಕೂ ಇಲ್ಲ ಅಂದೆ. ಹಾಗಾದರೆ ಏನೂ ಹಾಕಬೇಡಿ, ಒರೆಸ್ತಾ ಇರಿ, ಒಂದು ವಾರದಲ್ಲಿ ಹೋಗುತ್ತೆ ಅಂದರು. ಬರಿಗೈಯಲ್ಲಿ ವಾಪಸ್ ಬಂದೆ.

ಸಂಜೆ ಅಮ್ಮನ ವಿಡಿಯೋ ಕಾಲ್. "ಡ್ರಾಪ್ಸ್ ಹಾಕಿದ್ಯೇನೋ?" ಇಲ್ಲಮ್ಮ, ಕೊಡಲಿಲ್ಲ ಅಂದೆ. "ದುಡ್ಡು ಕೊಡ್ತೀನಿ ಅಂದ್ರೂ ಔಷಧಿ ಕೊಡಲ್ವಂತಾ? ಅದೆಂಥಾ ದೇಶನೋ!"

ನಿಜ ಹೇಳಬೇಕು ಅಂದ್ರೆ ಬಂದ ಹೊಸದರಲ್ಲಿ ನನಗೂ ಹಾಗೇ ಅನಿಸುತ್ತಿತ್ತು. ಕಣ್ಣು ಬಂತು ಅಂದ್ರೆ ಆ್ಯಂಟಿಬಯಾಟಿಕ್ ಬೀಳಬೇಕು, ಅಷ್ಟೇ ಗೊತ್ತಿದ್ದದ್ದು. ನಮ್ಮ ಕಾಲದಲ್ಲಿ ಕ್ಲೋರೋಮೈಸೆಟಿನ್ ಅಪ್ಲಿಕ್ಯಾಪ್ ಅಂತ ಬರುತ್ತಿತ್ತು, ನೆನಪಿದೆಯಾ? ಪುಟಾಣಿ ಕ್ಯಾಪ್ಸೂಲು, ಅದರ ತುದಿ ಕತ್ತರಿಸಿ ಒಳಗಿನ ಮುಲಾಮು ಕೆಳರೆಪ್ಪೆಗೆ ಹಿಂಡಬೇಕು. ಹತ್ತು ನಿಮಿಷ ಲೋಕವೆಲ್ಲ ಮಬ್ಬು. ತಮಾಷೆ ಏನಂದ್ರೆ ಅದರೊಳಗಿದ್ದ ಕ್ಲೋರಾಮ್‌ಫೆನಿಕಾಲೇ ಇಂಗ್ಲೆಂಡಿನಲ್ಲಿ ಇವತ್ತಿಗೂ ಕೆಂಗಣ್ಣಿನ ಮೊದಲ ಔಷಧಿ. ಫ್ರಿಜ್‌ನಲ್ಲಿ ಇಡಬೇಕು, ಐದು ದಿನ ಹಾಕಿ ಉಳಿದದ್ದನ್ನು ಎಸೆಯಬೇಕು.

ಆದರೆ ಹಾಕಿದರೆ ಎಷ್ಟು ಉಪಯೋಗ? ಇದನ್ನು ಇಲ್ಲಿಯವರು ಕೂತು ಲೆಕ್ಕ ಹಾಕಿದ್ದಾರೆ. 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 326 ಮಕ್ಕಳಿದ್ದರು. ಅರ್ಧ ಮಕ್ಕಳಿಗೆ ಕ್ಲೋರಾಮ್‌ಫೆನಿಕಾಲ್, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಸುಳ್ಳು ಡ್ರಾಪ್ಸ್. ಏಳನೇ ದಿನ ನೋಡಿದರೆ ಔಷಧಿ ಹಾಕಿದವರಲ್ಲಿ ನೂರಕ್ಕೆ 86 ಮಕ್ಕಳಿಗೆ ವಾಸಿ, ಸುಳ್ಳು ಡ್ರಾಪ್ಸ್‌ನವರಲ್ಲಿ 83. ಮೂರೇ ಮೂರು ಜಾಸ್ತಿ! ಮರುವರ್ಷ ಇನ್ನೊಂದು ಅಧ್ಯಯನ ಬಂತು, 307 ಜನರ ಮೇಲೆ. ಕೆಲವರಿಗೆ ಕೂಡಲೇ ಔಷಧಿ, ಕೆಲವರಿಗೆ ಇಲ್ಲವೇ ಇಲ್ಲ. ಉಳಿದವರಿಗೆ "ಮೂರು ದಿನ ನೋಡಿ, ಕಮ್ಮಿ ಆಗದಿದ್ದರೆ ಬಂದು ಚೀಟಿ ತಗೊಳ್ಳಿ" ಅಂದರು. ತೊಂದರೆ ಇದ್ದದ್ದು ಕೂಡಲೇ ಹಾಕಿದವರಿಗೆ ಸರಾಸರಿ 3.3 ದಿನ, ಕಾದವರಿಗೆ 3.9, ಔಷಧಿ ಕೊಡದವರಿಗೆ 4.8. ಕಾಯಿರಿ ಅಂದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಔಷಧಿ ಇಲ್ಲದೇನೇ ಮುಗಿಸಿದರು.

ಇದು ಬ್ಯಾಕ್ಟೀರಿಯಾದ ಅನುಮಾನ ಇದ್ದ ಕಣ್ಣಿನ ಕಥೆ. ಊರಿಗೆ ಊರೇ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುವಂಥ ಮದ್ರಾಸ್ ಐ ಬರೋದು ವೈರಸ್ಸಿನಿಂದ. ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದೇ ಇಲ್ಲ.

ಹಾಗಂತ ಇಂಗ್ಲೆಂಡ್ ಬಹಳ ಶಿಸ್ತಿನ ದೇಶ ಅಂತ ಹೊಗಳೋಕೆ ನಾನು ಕೂತಿಲ್ಲ. ಡ್ರಾಪ್ಸ್‌ನಿಂದ ಅಷ್ಟೇನೂ ಲಾಭವಿಲ್ಲ ಅಂತ ಆ ಅಧ್ಯಯನ ಬಂತಲ್ಲ, ಅದೇ 2005ರಲ್ಲೇ ಸರ್ಕಾರ ಡಾಕ್ಟರ ಚೀಟಿ ಇಲ್ಲದೆ ಫಾರ್ಮಸಿಯಲ್ಲಿ ಕ್ಲೋರಾಮ್‌ಫೆನಿಕಾಲ್ ಮಾರಬಹುದು ಅಂದಿತು! ಡಾಕ್ಟರು ಬರೆಯೋದು ಕಮ್ಮಿ ಆಯಿತು, ಸರಿ. ಆದರೆ ಚೀಟಿಯದೂ ಅಂಗಡಿಯದೂ ಸೇರಿಸಿ ಲೆಕ್ಕ ಹಾಕಿದರೆ 2007ರ ಹೊತ್ತಿಗೆ ಬಳಕೆ 2004ಕ್ಕಿಂತ ಹತ್ತಿರ ಹತ್ತಿರ ಅರ್ಧದಷ್ಟು ಏರಿತ್ತು. ಇನ್ನು ನರ್ಸರಿಯವರ ವಿಷಯ. ಕಣ್ಣು ಬಂದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ ಅಂತ ಸರ್ಕಾರದ ಆರೋಗ್ಯ ಇಲಾಖೆಯೇ ಬರೆದಿಟ್ಟಿದೆ. ಮಗಳ ನರ್ಸರಿಯವರು ಮಾತ್ರ "ಡ್ರಾಪ್ಸ್ ಶುರು ಮಾಡಿ ಆಮೇಲೆ ಕರೆದುಕೊಂಡು ಬನ್ನಿ" ಅಂದರು. ಎರಡು ದಿನ ರಜೆ ಹಾಕಿ ಮನೆಯಲ್ಲಿ ಕೂತೆ. ಎಷ್ಟು ಅಪ್ಪ ಅಮ್ಮಂದಿರು ರಜೆ ಉಳಿಸೋಕೆ ಅಂತಲೇ ಬಾಟಲ್ ತಂದು ಹಾಕ್ತಾರೋ, ಸುಮ್ನೆ ಯೋಚನೆ ಮಾಡಿ.

ಈಗ ನಮ್ಮ ಕಡೆಯದು. ಮೂರು ವರ್ಷದ ಹಿಂದೆ ರಜೆಗೆ ಬಂದಾಗ ನನಗೇ ಕಣ್ಣು ಬಂತು. ಔಷಧಿ ಅಂಗಡಿಗೆ ಹೋಗಿ ಕಣ್ಣು ತೋರಿಸಿದೆ. ಒಂದು ಪ್ರಶ್ನೆ ಇಲ್ಲ. ಹಿಂದೆ ತಿರುಗಿ, ಡಬ್ಬದಿಂದ ಒಂದು ಬಾಟಲ್ ತೆಗೆದು, "ದಿನಕ್ಕೆ ನಾಲ್ಕು ಸಲ, ಒಂದೊಂದು ಹನಿ" ಅಂತ ಕೈಗಿಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ. ಮಾರನೇ ದಿನಕ್ಕೆ ಕೆಂಪು ಮಾಯ! ಇಂಗ್ಲೆಂಡಿನವರು ಕಾಯ್ತಾ ಕೂರಲಿ, ಕೆಲಸ ಅಂದ್ರೆ ಇದು ಅಂತ ಮನೆಯಲ್ಲೆಲ್ಲ ಭಾಷಣ ಬಿಗಿದೆ.

ಬಾಟಲ್ ಬ್ಯಾಗಲ್ಲಿ ವಾಪಸ್ ಬಂತು. ಇಲ್ಲಿ ಕಣ್ಣು ಪರೀಕ್ಷೆಗೆ ಹೋದಾಗ ಯಾಕೋ ಅದರ ಸುದ್ದಿ ಬಂದು ತೋರಿಸಿದೆ. ಪರೀಕ್ಷೆ ಮಾಡುವಾಕೆ ಬಾಟಲ್ ತಿರುಗಿಸಿ, ಕನ್ನಡಕ ಮೇಲೆತ್ತಿ, ಆ ಇರುವೆಯಂಥ ಅಕ್ಷರ ಓದಿದರು. ಮಾಕ್ಸಿಫ್ಲಾಕ್ಸಾಸಿನ್. ಅದರ ಕೆಳಗೆ ಡೆಕ್ಸಾಮೆಥಾಸೋನ್. ಮೊದಲನೆಯದು ಆ್ಯಂಟಿಬಯಾಟಿಕ್, ಎರಡನೆಯದು ಸ್ಟೀರಾಯ್ಡ್. ಕೆಂಪು ಒಂದೇ ದಿನದಲ್ಲಿ ಹೋಗಿದ್ದು ಅದರ ಮಹಿಮೆ. ಸ್ಟೀರಾಯ್ಡ್ ಉರಿಯೂತ ಅಡಗಿಸುತ್ತೆ, ಕಣ್ಣು ಬೆಳ್ಳಗೆ ಕಾಣುತ್ತೆ. ಒಳಗೆ ರೋಗ ಇದೆಯೋ ಹೋಯಿತೋ ಅದು ಬೇರೆ ಮಾತು. ಒಳಗಿದ್ದದ್ದು ಹರ್ಪಿಸ್ ವೈರಸ್ಸೋ ಫಂಗಸ್ಸೋ ಆಗಿದ್ದರೆ ಅದಕ್ಕೆ ಹಬ್ಬದೂಟ ಬಡಿಸಿದ ಹಾಗೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾನೂ ಬರಬಹುದು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಮಾಕ್ಸಿಫ್ಲಾಕ್ಸಾಸಿನ್ 2013ರ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಬೇಕು, ಯಾರಿಗೆ ಕೊಟ್ಟರು ಅಂತ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು. ಪುಸ್ತಕದ ಮೇಲೆ ನೋಡಿದರೆ ನಮ್ಮ ನಿಯಮವೇ ಇಲ್ಲಿಗಿಂತ ಬಿಗಿ. ಕೌಂಟರಿನ ಮೇಲೆ ಮಾತ್ರ ಇಲ್ಲ. ಇದು ಬರೀ ನಮ್ಮ ಜಾಯಮಾನ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಡಾಕ್ಟರ ಚೀಟಿಯ ಮೇಲೇನೇ ಕೆಂಗಣ್ಣು ಬಂದವರಲ್ಲಿ ನೂರಕ್ಕೆ 58 ಜನ ಆ್ಯಂಟಿಬಯಾಟಿಕ್ ಡ್ರಾಪ್ಸ್ ತಗೊಂಡಿದ್ದರು, ಅವರಲ್ಲಿ ಐದಕ್ಕೆ ಒಬ್ಬರು ಸ್ಟೀರಾಯ್ಡ್ ಬೆರೆಸಿದ್ದು ತಗೊಂಡಿದ್ದರು ಅಂತ 2017ರ ಒಂದು ಅಧ್ಯಯನ ಹೇಳುತ್ತೆ. ವಿಮೆ ಇದ್ದವರ ಲೆಕ್ಕ ಅದು.

ಇಲ್ಲಿವರೆಗೆ ಓದಿದವರು "ಸರಿ, ಇವನೂ ಫಾರಿನ್ನಿಗೆ ಹೋಗಿ ಅಲ್ಲಿಯದೇ ಸರಿ ಅಂತಿದ್ದಾನೆ" ಅಂದುಕೊಂಡಿರ್ತೀರಿ, ಅಲ್ವಾ? ಇಲ್ಲ. "ಕಾಯಿರಿ" ಅನ್ನುವ ಮಾತನ್ನು ಹಾಗೇ ಎತ್ತಿ ನಮ್ಮೂರಿಗೆ ತಂದರೆ ಅನಾಹುತ ಆಗುತ್ತೆ. ಪೈರಿನ ಗರಿ ತಾಗಿಯೋ, ಒಕ್ಕಣೆ ಮಾಡುವಾಗ ಹೊಟ್ಟು ಹಾರಿಯೋ ಕಪ್ಪುಗುಡ್ಡೆ ತರಚಿದವನಿಗೆ ಬರೋದು ಕೆಂಗಣ್ಣಲ್ಲ, ಹುಣ್ಣು. ಹೊರಗಿನಿಂದ ಎರಡೂ ಕೆಂಪೇ. ಆ ಹುಣ್ಣು ಮಾಗಿದ ಮೇಲೂ ಬಿಳಿ ಕಲೆ ಉಳಿಯುತ್ತೆ. ಕಣ್ಣಿಗೆ ಹೂ ಬಿದ್ದಿದೆ ಅಂತಾರಲ್ಲ, ಅದು. ಮದುರೈನ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಹೀಗೆ ಹುಣ್ಣಾಗಿ ಬಂದ 434 ಜನರನ್ನು ಪರೀಕ್ಷೆ ಮಾಡಿ 1997ರಲ್ಲಿ ಬರೆದಿದ್ದಾರೆ. ಸೂಕ್ಷ್ಮಜೀವಿ ಸಿಕ್ಕವರಲ್ಲಿ ಹೆಚ್ಚುಕಮ್ಮಿ ಅರ್ಧ ಬ್ಯಾಕ್ಟೀರಿಯಾ, ಅರ್ಧ ಫಂಗಸ್. ಫಂಗಸ್ಸಿಗೆ ಮಾಕ್ಸಿಫ್ಲಾಕ್ಸಾಸಿನ್ ಹಾಕಿ ಏನು ಬಂತು? ಅದಕ್ಕೆ ಬೇಕಾದದ್ದು ನಾಟಾಮೈಸಿನ್. ಹೊಸದಾದ ವೊರಿಕೊನಜೋಲ್‌ಗಿಂತ ಹಳೇ ನಾಟಾಮೈಸಿನ್ನೇ ಮೇಲು ಅಂತ 2013ರಲ್ಲಿ ತೋರಿಸಿದ ಪ್ರಯೋಗವೂ ನಡೆದದ್ದು ದಕ್ಷಿಣ ಭಾರತದಲ್ಲೇ, 323 ಜನರ ಮೇಲೆ. ಲೋಕಕ್ಕೆಲ್ಲ ಪಾಠ ಹೇಳುವ ಸಂಶೋಧನೆ ನಮ್ಮ ಕಡೆಯದು. ನಮ್ಮ ಅಂಗಡಿಯ ಕೌಂಟರಿಗೆ ಮಾತ್ರ ಅದು ತಲುಪಿಲ್ಲ.

ಫಂಗಸ್ಸೋ ಬ್ಯಾಕ್ಟೀರಿಯಾವೋ ಅಂತ ತಿಳಿಯೋಕೆ ಆಸ್ಪತ್ರೆಯಲ್ಲಿ ಮಾಡೋದು ದೊಡ್ಡ ಯಂತ್ರದ ಕೆಲಸವೇನಲ್ಲ. ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡೋದು. ಫಂಗಸ್ ಇದ್ದರೆ ದಾರದೆಳೆಗಳ ಹಾಗೆ ಕಾಣುತ್ತೆ.

ನೇಪಾಳದ ಭಕ್ತಪುರದಲ್ಲಿ ಇನ್ನೊಂದು ಕೆಲಸ ಮಾಡಿದರು. 2001ರಲ್ಲಿ ಪ್ರಕಟ ಆಯಿತು. ಕಣ್ಣು ತರಚಿದವರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮೂರು ದಿನ ಕ್ಲೋರಾಮ್‌ಫೆನಿಕಾಲ್ ಮುಲಾಮು ಹಾಕಿದರು. ತರಚಿದ 18 ಗಂಟೆಯೊಳಗೆ ಹಾಕಿಸಿಕೊಂಡವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ನೋಡಿ, ಇಂಗ್ಲೆಂಡಿನ ಮಕ್ಕಳಿಗೆ ಹಾಕಿದರೂ ಹಾಕದಿದ್ದರೂ ಒಂದೇ ಅನಿಸಿಕೊಂಡ ಅದೇ ಔಷಧಿ!

ಅದಕ್ಕೇ ನನ್ನ ತಕರಾರು ಡ್ರಾಪ್ಸ್ ಮೇಲಲ್ಲ. ಕೇಳದೆ ಕೊಡುವುದರ ಮೇಲೆ. ಇಲ್ಲಿ ಕಾಯೋಕೆ ಹೇಳಿದಾಕೆ ಮೊದಲು ನಾಲ್ಕು ಪ್ರಶ್ನೆ ಕೇಳಿದ್ದಳು, ಒಂದಕ್ಕೆ ಹೌದು ಅಂದಿದ್ದರೂ ಅವತ್ತೇ ಕಣ್ಣಾಸ್ಪತ್ರೆಗೆ ಅಟ್ಟುತ್ತಿದ್ದಳು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಂತೂ ಇಲ್ಲಿ ಕೌಂಟರಿನಲ್ಲಿ ಡ್ರಾಪ್ಸ್ ಕೊಡದೆ ಕಣ್ಣು ತೋರಿಸಿಕೊಳ್ಳಿ ಅಂತಲೇ ಕಳಿಸ್ತಾರೆ. ನಾಲ್ಕು ಪ್ರಶ್ನೆಗೆ ಎಷ್ಟು ಹೊತ್ತು ಬೇಕು? ನನಗೆ ಬಾಟಲ್ ತೆಗೆದುಕೊಟ್ಟವರು ಡಬ್ಬದಲ್ಲಿ ಹುಡುಕುವಷ್ಟು ಹೊತ್ತಿನಲ್ಲೇ ಕೇಳಿ ಮುಗಿಸಬಹುದಿತ್ತು.

ಇನ್ನೊಂದು ವಿಷಯ ಇದೆ. 500 ಜನರ ಮೇಲೆ ನಡೆದ ಕಪ್ಪುಗುಡ್ಡೆ ಹುಣ್ಣಿನ ಸ್ಟೀರಾಯ್ಡ್ ಪ್ರಯೋಗದಲ್ಲಿ, ಅದೂ ಬಹುಪಾಲು ಭಾರತದಲ್ಲೇ ನಡೆದದ್ದು, ಒಂದು ಅಂಶ ಸಿಕ್ಕಿತು. ಆಸ್ಪತ್ರೆಗೆ ಬರುವ ಮೊದಲೇ ಮಾಕ್ಸಿಫ್ಲಾಕ್ಸಾಸಿನ್ ಜಾತಿಯ ಡ್ರಾಪ್ಸ್ ಹಾಕಿಕೊಂಡಿದ್ದವರ ಬ್ಯಾಕ್ಟೀರಿಯಾಗಳನ್ನು ತಡೆಯೋಕೆ ಸುಮಾರು ಎರಡು ಪಟ್ಟು ಔಷಧಿ ಬೇಕಾಗಿತ್ತು. ಸುಮ್ಮನೆ ಹಾಕಿದ ಹನಿ ಸುಮ್ಮನೆ ಹೋಗಿರುವುದಿಲ್ಲ.

ಮಗಳ ಕಣ್ಣು ಐದನೇ ದಿನಕ್ಕೆ ತಿಳಿಯಾಯಿತು. ಅಮ್ಮನಿಗೆ ತೋರಿಸಿದೆ. ಆ ನಾಲ್ಕು ಪ್ರಶ್ನೆಗಳನ್ನೂ ಹೇಳಿದೆ, ಸುಮ್ಮನೆ ಕೇಳಿಸಿಕೊಂಡರು. ಮೊನ್ನೆ ಫೋನ್ ಮಾಡಿದಾಗ ಅವರೇ ಶುರು ಮಾಡಿದರು. "ಮನೆ ಕೆಲಸಕ್ಕೆ ಬರೋ ಹುಡುಗಿಗೆ ಕಣ್ಣು ಕೆಂಪಾಗಿತ್ತು ಕಣೋ. ನೋವಿದೆಯಾ ಅಂದೆ, ಹೂಂ ಅಂದ್ಲು. ಕಡ್ಡಿ ತಾಗಿತ್ತಂತೆ. ಕಣ್ಣಿನ ಡಾಕ್ಟರ ಹತ್ರ ಕಳಿಸ್ದೆ."

ಡ್ರಾಪ್ಸ್ ಏನೂ ಕೊಡಲಿಲ್ಲ ತಾನೇ ಅಂತ ಕೇಳಿದೆ.

"ಇಲ್ಲಪ್ಪ. ಹೋದ ವರ್ಷದ್ದು ಅರ್ಧ ಬಾಟಲ್ ಇತ್ತು, ಕೊಡೋಣ ಅಂತ ತೆಗೆದೂ ಇದ್ದೆ."

ಎಸೆದ್ರಾ ಅಂದೆ. ಆ ಕಡೆಯಿಂದ ಮಾತು ಬೇರೆ ಕಡೆ ಹೊರಳಿತು.