ಆನೆ ಕಾಣ್ತಾ?

ಗಮನವಿಟ್ಟು ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಚುಕ್ಕೆಗಳೊಳಗೆ ಉಬ್ಬು ಆಕಾರ ಅಡಗಿಸಿಟ್ಟ ಚುಕ್ಕೆ ಚಿತ್ರದ ಮುಂದೆ ಆ ಬುದ್ಧಿಮಾತು ಕೆಲಸಕ್ಕೆ ಬರುವುದಿಲ್ಲ. ದಿಟ್ಟಿಸಿದಷ್ಟೂ ಚುಕ್ಕೆಗಳೇ. ಹಾಳೆಯ ಆಚೆ ಎಲ್ಲೋ ನೋಡುತ್ತಾ, ಲೋಕದ ಗೊಡವೆಯೇ ಇಲ್ಲದವರ ಹಾಗೆ ಸುಮ್ನೆ ನಿಂತರೆ ಮಾತ್ರ ಒಳಗಿನ ಆನೆ ಎದ್ದು ಬರುತ್ತದೆ.

ಈ ಕಾಟಕ್ಕೆ ಮೂಲಪುರುಷ ಬೇಲಾ ಯೂಲೆಸ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆ ಸೇರಿದ ವಿಜ್ಞಾನಿ. 1960ರ ಹೊತ್ತಿಗೆ ಕಂಪ್ಯೂಟರಿನಿಂದ ಕಪ್ಪು ಬಿಳಿ ಚುಕ್ಕೆಗಳನ್ನು ಅಡ್ಡಾದಿಡ್ಡಿ ಎರಚಿಸಿ, ಅದರದೇ ಇನ್ನೊಂದು ಪ್ರತಿ ಮಾಡಿಸಿದರು. ಆ ಪ್ರತಿಯಲ್ಲಿ ನಡುವಿನ ಒಂದು ಚೌಕದ ಚುಕ್ಕೆಗಳನ್ನು ಚೂರು ಪಕ್ಕಕ್ಕೆ ಸರಿಸಿ, ಖಾಲಿ ಬಿದ್ದ ಜಾಗಕ್ಕೆ ಬೇರೆ ಚುಕ್ಕೆ ತುಂಬಿಸಿದರು. ಒಂದೇ ಕಣ್ಣಲ್ಲಿ ನೋಡಿದರೆ ಸಿಗ್ನಲ್ ಹೋದ ಟೀವಿ, ಅಷ್ಟೇ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು ತೋರಿಸಿದರೆ ಚೌಕ ಹಾಳೆ ಬಿಟ್ಟು ತೇಲುತ್ತದೆ! ವಸ್ತು ಯಾವುದೆಂದು ಗೊತ್ತಾಗುವ ಮೊದಲೇ ಮಿದುಳು ಆಳದ ಲೆಕ್ಕ ಹಾಕಬಲ್ಲದು ಅಂತ ಆಗ ಖಾತ್ರಿಯಾಯಿತು. ಎರಡು ಹಾಳೆಯ ಕೆಲಸವನ್ನು ಒಂದೇ ಹಾಳೆಗೆ ಇಳಿಸಿದ್ದು ದೃಷ್ಟಿ ವಿಜ್ಞಾನಿ ಕ್ರಿಸ್ಟಫರ್ ಟೈಲರ್, 1979ರಲ್ಲಿ. ಅದರಲ್ಲಿ ಒಂದೇ ಪಟ್ಟಿ ಅಡ್ಡಕ್ಕೆ ಮತ್ತೆ ಮತ್ತೆ ಬರುತ್ತದೆ. ಪಕ್ಕಪಕ್ಕದ ಪಟ್ಟಿಯನ್ನು ಎರಡು ಕಣ್ಣು ಹಂಚಿಕೊಂಡು, ಎರಡೂ ಒಂದೇ ಅಂದುಕೊಳ್ಳುತ್ತವೆ. ಪಟ್ಟಿಗಳ ಅಂತರ ಕಮ್ಮಿಯಾದ ಕಡೆ ಚಿತ್ರ ಮುಂದಕ್ಕೆ ಉಬ್ಬುತ್ತದೆ.

ಇಂಥದೊಂದು ಹಾಳೆಯನ್ನು ಯಾರೋ ಪುಣ್ಯಾತ್ಮರು ನಮ್ಮ ಆಫೀಸಿನ ಗೋಡೆಗೆ ಅಂಟಿಸಿದರು. ಹಾಳೆಗೆ ಮೂಗು ತಾಗಿಸಿ ನಿಧಾನಕ್ಕೆ ಹಿಂದೆ ಸರಿಯಬೇಕು, ಅದೇ ಕ್ರಮ. ಹಾಗೇ ಸರಿಯುತ್ತಿದ್ದೆ. ಚುಕ್ಕೆಗಳು ಮಸುಕಾದವು, ಒಂದು ಕಿವಿ ಮೂಡಿತು, ಸೊಂಡಿಲು ಇನ್ನೇನು ಬರಬೇಕು. "ತಲೆ ಸುತ್ತುತ್ತಿದೆಯಾ ಸಾರ್?" ಅಂತ ಹಿಂದಿನಿಂದ ಯಾರೋ ತೋಳು ಹಿಡಿದರು. ಆನೆ ಮಾಯ. ನೀರು ಬಂತು, ಕುರ್ಚಿ ಬಂತು. ಬೇಡ ಅಂದಷ್ಟೂ ಉಪಚಾರ ಜಾಸ್ತಿ ಆಯಿತು.

ಆಮೇಲೆ ನೋಡಿದವರೊಬ್ಬರು ಆನೆ ಉಬ್ಬಿಲ್ಲ, ಆನೆಯಾಕಾರದ ಗುಂಡಿ ಇದೆ ಅಂದರು. ಅವರು ಕಣ್ಣನ್ನು ಮೂಗಿನ ಕಡೆಗೆ ತಿರುಗಿಸಿ ನೋಡಿದ್ದರು. ಹಾಗೆ ನೋಡಿದರೆ ಉಬ್ಬು ತಗ್ಗಾಗುತ್ತದೆ, ಅವರ ಮಾತೂ ಸರಿಯೇ. ಆದರೆ ಗುಂಡಿ ಪಕ್ಷ, ಉಬ್ಬು ಪಕ್ಷ ಅಂತ ಜಗಳ ಶುರುವಾಗಿಹೋಯಿತು. ಚಿಕ್ಕಂದಿನಿಂದ ಒಂದು ಕಣ್ಣು ಮಂದವಿದ್ದ ಗೆಳೆಯನಿಗೆ ಎರಡೂ ಕಾಣಲಿಲ್ಲ. ಅಂಥ ಕಣ್ಣಿಗೆ ಈ ಚಿತ್ರಗಳು ಸಾಮಾನ್ಯವಾಗಿ ಕಾಣುವುದೂ ಇಲ್ಲ. ಅಲ್ಲಿದ್ದವರಲ್ಲಿ ನೆಮ್ಮದಿಯಾಗಿ ಕಾಫಿ ಕುಡಿದವನು ಅವನೊಬ್ಬನೇ.

ಗಲಾಟೆ ಕೇಳಿ ಮ್ಯಾನೇಜರ್ ಬಂದರು. ಹಾಳೆಯನ್ನು ನೇರವಾಗಿ, ಗಮನವಿಟ್ಟು ನೋಡಿದರು. "ಪ್ರಿಂಟರ್ ಕೆಟ್ಟಿದೆ ಅಂತ ಯಾರೂ ಹೇಳಲೇ ಇಲ್ವಲ್ರೀ" ಅಂದರು.