ಅಮೆರಿಕದ ಸೇನಾ ನೆಲೆಗಳಿಗೆ ಹೊಸ ಹೆಸರು ಬೇಕಿತ್ತಾ?

ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರ್ಪಟ್ಟು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳನ್ನು ಕಾನ್ಫೆಡರೇಟ್ ಅನ್ನುತ್ತಾರೆ. ಆ ಕಡೆಯ ಜನರಲ್‌ಗಳ ಹೆಸರಿದ್ದ ಸೇನಾ ನೆಲೆಗಳಿಗೆ 2023ರಲ್ಲಿ ಹೊಸ ಹೆಸರಿಟ್ಟರು, 2025ರಲ್ಲಿ ಹಳೇ ಹೆಸರುಗಳು ಮರಳಿದವು. ಅದರ ಬಗ್ಗೆ ಇಬ್ಬರ ವಾದ ಇಲ್ಲಿದೆ.

ಪರ: ಬೇಕೇ ಬೇಕಿತ್ತು

1918ರ ಮೇ ತಿಂಗಳ ಒಂದು ರಾತ್ರಿ. ಮೊದಲ ಮಹಾಯುದ್ಧ. ಫ್ರಾನ್ಸಿನ ಆರ್ಗಾನ್ ಕಾಡಿನಂಚಿನಲ್ಲಿ ಅಮೆರಿಕದ ಕಪ್ಪು ಸೈನಿಕರಾದ ಹೆನ್ರಿ ಜಾನ್ಸನ್ ಮತ್ತು ನೀಡಮ್ ರಾಬರ್ಟ್ಸ್ ಕಾವಲಿಗಿದ್ದರು. ಜರ್ಮನ್ನರ ಗುಂಪೊಂದು ಕತ್ತಲಲ್ಲಿ ಮೇಲೆ ಬಿತ್ತು. ಜಾನ್ಸನ್ ಕೈಲಿದ್ದ ಬಾಂಬುಗಳು ಮುಗಿದವು, ಬಂದೂಕು ಜಾಮ್ ಆಯಿತು, ಅದನ್ನೇ ತಿರುಗಿಸಿ ಬಡಿದರು. ಗಾಯಗೊಂಡ ರಾಬರ್ಟ್ಸ್‌ರನ್ನು ಎಳೆದೊಯ್ಯಲು ನೋಡಿದಾಗ ಮಚ್ಚಿನಂಥ ಚಾಕು ಹಿಡಿದು ನುಗ್ಗಿ ಬಿಡಿಸಿಕೊಂಡರು. ಮೈಮೇಲೆ 21 ಗಾಯ.

ಫ್ರಾನ್ಸ್ ಪದಕ ಕೊಟ್ಟಿತು. ಅಮೆರಿಕ ಏನು ಕೊಟ್ಟಿತು? ಕಪ್ಪು ಸೈನಿಕರು ಬಿಳಿಯರ ಪಕ್ಕ ನಿಂತು ಹೋರಾಡಬಾರದೆಂದು ಅವರ ರೆಜಿಮೆಂಟನ್ನೇ ಫ್ರೆಂಚರ ಕೈಗೆ ಒಪ್ಪಿಸಿದ ದೇಶ ಅದು. ಜಾನ್ಸನ್ 1929ರಲ್ಲಿ ತೀರಿಕೊಂಡರು. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂದದ್ದು 2015ರಲ್ಲಿ.

ಲೂಸಿಯಾನದ ಸೇನಾ ನೆಲೆಗೆ ಮಾತ್ರ ದಶಕಗಟ್ಟಲೆ ಲಿಯೊನಿಡಾಸ್ ಪೋಲ್ಕ್ ಹೆಸರು. ನೂರಾರು ಗುಲಾಮರ ಒಡೆಯ, ಅಂತರ್ಯುದ್ಧದಲ್ಲಿ ಅಮೆರಿಕದ ಸೇನೆಯ ವಿರುದ್ಧವೇ ಹೋರಾಡಿದ ಜನರಲ್. ಅದೇ ಸೇನೆಯ ಗೇಟಿನ ಮೇಲೆ ಅವನ ಹೆಸರು! 2023ರಲ್ಲಿ ಅದು ಫೋರ್ಟ್ ಜಾನ್ಸನ್ ಆದಾಗ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಸಿಕ್ಕಿದವರಿಗೆಲ್ಲ ಹೇಳಿದ್ದೆ.

ಖರ್ಚಿನ ಮಾತು ಎತ್ತುತ್ತಾರೆ. ಹೆಸರು ಬದಲಾವಣೆಗೆಂದೇ ರಚಿಸಿದ ಆಯೋಗದ ಅಂದಾಜು ಒಟ್ಟು 6.25 ಕೋಟಿ ಡಾಲರ್. ಅಷ್ಟು ದೊಡ್ಡ ಸೇನೆಗೆ ಅದು ಯಾವ ಲೆಕ್ಕ? ಖರ್ಚು ಅನ್ನುವವರೇ 2025ರಲ್ಲಿ ಮತ್ತೆ ದುಡ್ಡು ಸುರಿದು ಹಳೇ ಬೋರ್ಡು ಹಾಕಿದರು. ಕಾನ್ಫೆಡರೇಟ್ ಹೆಸರಿಡಲು ಕಾನೂನು ಬಿಡಲ್ಲ ಅಂತ ಜೇಮ್ಸ್ ಪೋಲ್ಕ್ ಅನ್ನುವ ಇನ್ನೊಬ್ಬ ಜನರಲ್‌ರನ್ನು ಹುಡುಕಿದರು. ಎರಡನೇ ಮಹಾಯುದ್ಧದಲ್ಲಿ ಸಿಲ್ವರ್ ಸ್ಟಾರ್ ಪಡೆದವರು, ಅವರ ಬಗ್ಗೆ ತಕರಾರಿಲ್ಲ. ಆದರೆ ಹುಡುಕಿದ್ದು ಶೌರ್ಯ ನೋಡಿ ಅಲ್ಲ, ಸರ್‌ನೇಮ್ ನೋಡಿ. ಅದಕ್ಕಾಗಿ ಜಾನ್ಸನ್ ಹೆಸರನ್ನು ಎರಡೇ ವರ್ಷದಲ್ಲಿ ಕಿತ್ತರು. ಇದು ಅವಮಾನ. ಬೇರೆ ಮಾತಿಲ್ಲ.

ವಿರೋಧ: ಹೊಸದಕ್ಕೆ ಹೊಸ ಹೆಸರಿಡಿ

ಈ ಪಕ್ಷ ವಹಿಸಿ ಅಂದಾಗ ಹಿಂದೇಟು ಹಾಕಿದೆ. ಲಿಯೊನಿಡಾಸ್ ಪೋಲ್ಕ್ ಪರ ನಿಲ್ಲಲು ನನಗೂ ಮನಸ್ಸಿಲ್ಲ. ಆದರೂ ಒಂದು ಮಾತಿದೆ.

ನಾರ್ತ್ ಕ್ಯಾರೊಲಿನಾದಲ್ಲಿ ನಾವಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಪ್ಯಾರಾಟ್ರೂಪರ್ ಇದ್ದರು. ಅವರೂ ಕಪ್ಪು ಜನಾಂಗದವರೇ. ಗ್ಯಾರೇಜಿನ ಗೋಡೆಯಲ್ಲಿ ಒಂದು ಮರದ ಫಲಕ, ಅದರಲ್ಲಿ ಪ್ಯಾರಾಚೂಟ್ ಪಡೆಯಾದ 82ನೇ ಏರ್‌ಬೋರ್ನ್ ಡಿವಿಷನ್ನಿನ ಲಾಂಛನ, ಕೆಳಗೆ ಅದರ ನೆಲೆಯ ಹೆಸರು, ಫೋರ್ಟ್ ಬ್ರಾಗ್ ಅಂತ. ಅಂಚಿನ ಬಣ್ಣ ಹೋದಲ್ಲೆಲ್ಲ ತಾವೇ ಮತ್ತೆ ಬಳಿದಿದ್ದರು. ಆ ನೆಲೆಯ ಹೆಸರನ್ನು ಫೋರ್ಟ್ ಲಿಬರ್ಟಿ ಮಾಡಿದಾಗ ಅವರಿಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಬ್ರಾಗ್ ಅಂದರೆ ಅವರಿಗೆ ಅಂತರ್ಯುದ್ಧದಲ್ಲಿ ಸೋತ ಆ ಕಾನ್ಫೆಡರೇಟ್ ಜನರಲ್ ಅಲ್ಲವೇ ಅಲ್ಲ. ಅಲ್ಲಿ ಜೊತೆಗೆ ವಿಮಾನದಿಂದ ಹಾರಿದ ಗೆಳೆಯರು, ಅವರಲ್ಲಿ ವಾಪಸ್ ಬಾರದವರು. ಆ ಸಂಜೆ ಒಬ್ಬೊಬ್ಬರ ಹೆಸರನ್ನೂ ಹೇಳಿದರು.

ಇನ್ನು ವರ್ಜೀನಿಯಾದ ಫೋರ್ಟ್ ಲೀ, ಕಾನ್ಫೆಡರೇಟ್ ಜನರಲ್ ರಾಬರ್ಟ್ ಲೀ ಹೆಸರಿನದು. 2023ರಲ್ಲಿ ಅದು ಇಬ್ಬರು ಕಪ್ಪು ಸೇನಾಧಿಕಾರಿಗಳ ಹೆಸರಲ್ಲಿ ಗ್ರೆಗ್-ಆಡಮ್ಸ್ ಆಯಿತು, 2025ರಲ್ಲಿ ಮತ್ತೆ ಲೀ. ಈ ಸಲದ ಲೀ ಕಪ್ಪು ಸೈನಿಕ ಫಿಟ್ಜ್ ಲೀ, 1898ರಲ್ಲಿ ಕ್ಯೂಬಾದಲ್ಲಿ ಗುಂಡೇಟಿನ ನಡುವೆ ಗಾಯಾಳುಗಳನ್ನು ಕರೆತಂದವರು. ಹೊಸ ಹೆಸರಿನ ಪರ ವಾದಿಸುವವರು ಇವರ ಹೆಸರನ್ನೇ ಎತ್ತುವುದಿಲ್ಲ ಯಾಕೆ? ಒಂದು ಸರ್ಕಾರ ಹಾಕಿದ್ದನ್ನು ಇನ್ನೊಂದು ಕೀಳುತ್ತದೆ, ಸುಮ್ನೆ ವೀರರ ಹೆಸರು ಹಗ್ಗಜಗ್ಗಾಟಕ್ಕೆ ಸಿಗುತ್ತದೆ. ಮುಂದೆ ಕಟ್ಟುವ ಸೈನಿಕ ಆಸ್ಪತ್ರೆಗೋ ತರಬೇತಿ ಶಾಲೆಗೋ ಹೆನ್ರಿ ಜಾನ್ಸನ್ ಹೆಸರಿಡಿ, ಮೊದಲ ದಿನದಿಂದಲೇ ಅದು ಅವರದಾಗಿರಲಿ.